ಕಲಿರೋಯಿಗೂ ರಾಜನಿಗೂ ಆಗದು

ಇಥಾಕಾ ದ್ವೀಪದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಒಬ್ಬ ಒಡಿಸಿಯಾಸನಿಗೇ ಬೀಳಬೇಕು. ಬೇಕರಿಗೆ ಅವನ ಹೆಸರು, ದೋಣಿಗೆ ಅವನ ಹೆಸರು, ಪಾದ್ರಿಯ ಕತ್ತೆಗೂ ಅವನದೇ ಹೆಸರು. ಸತ್ತು ಮೂರು ಸಾವಿರ ವರ್ಷವಾಯಿತೋ, ಹುಟ್ಟಿಯೇ ಇರಲಿಲ್ಲವೋ, ಯಾರು ಕಂಡಿದ್ದಾರೆ? ಗ್ರೀಕ್ ಪುರಾಣದಲ್ಲಿ ಈ ಅಂಗೈಯಗಲದ ಊರಿಗೆ ರಾಜ. ಯುದ್ಧಕ್ಕೆಂದು ಹೋದವನು ಇಪ್ಪತ್ತು ವರ್ಷ ಮನೆ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಮಾಯಗಾತಿಯರ ಮನೆಯಲ್ಲಿ ಉಂಡು ಮಲಗಿ ಬಂದ ಮಹಾಶಯನಿಗೆ ಚೌಕದಲ್ಲಿ ಪ್ರತಿಮೆ ಬೇರೆ ಕೇಡು.

ಅದರ ಮುಂದೆ ಹಾದುಹೋಗುವಾಗಲೆಲ್ಲ ಕಲಿರೋಯಿ ಉಗಿಯುತ್ತಾಳೆ. ಆಕೆಯ ಗಂಡನ ಹೆಸರೂ ಒಡಿಸಿಯಾಸ್. ಮಗ ಲಾಂಬ್ರೋಸ್ ತೊಟ್ಟಿಲಲ್ಲಿದ್ದಾಗ ಹಡಗು ಹತ್ತಿದವನು ಹದಿಮೂರು ವರ್ಷ ಸುದ್ದಿಯಿಲ್ಲ, ಸುಳಿವಿಲ್ಲ. ಸಾಗರದಾಚೆಯ ಮೊಂಟೆವಿಡಿಯೊ ನಗರದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಆಕೆಯ ಅಪ್ಪ ಸ್ತಾಥಿಸ್ ಆ ಮುದಿವಯಸ್ಸಿನಲ್ಲಿ ಬಲೆ ಬೀಸಿ ಮಗಳನ್ನೂ ಮೊಮ್ಮಗನನ್ನೂ ಸಾಕಿದ. ಆಮೇಲೆ ಒಂದು ಬೆಳಿಗ್ಗೆ ಗಂಡ ಬಂದಿಳಿದ, ಚಿನ್ನದ ಹಲ್ಲು ಕಿಸಿದುಕೊಂಡು. ಊರಿನವರು ಬೈದರೇ? ಕುರಿ ಕಡಿದರು! ನಮ್ಮ ರಾಜನೇ ಮರಳಿ ಬಂದ ಎಂದರು. ಕಲಿರೋಯಿಗೆ ಮೈಯೆಲ್ಲ ಉರಿದುಹೋಯಿತು. ಹೆಂಗಸೊಬ್ಬಳು ಹೀಗೆ ಒಂದು ವಾರ ಹೋಗಿ ಬಂದಿದ್ದರೆ ಇದೇ ಊರು ಬಾಗಿಲು ತೆಗೆಯುತ್ತಿರಲಿಲ್ಲ.

ಈಗ ಲಾಂಬ್ರೋಸನಿಗೆ ಗಂಡು ಮಗು. ಮೊದಲ ಮೊಮ್ಮಗನಿಗೆ ಅಪ್ಪನ ಅಪ್ಪನ ಹೆಸರು, ಅದು ಊರಿನ ಕಟ್ಟಳೆ. ಆದರೆ ದೀಕ್ಷಾಸ್ನಾನದ ಹೊತ್ತಿಗೆ ಮಗುವನ್ನು ಎತ್ತಿಕೊಂಡ ಧರ್ಮತಾಯಿ ಪಾದ್ರಿಗೆ ಯಾವ ಹೆಸರು ಹೇಳುತ್ತಾಳೋ ಅದೇ ಖಾಯಂ. ಆ ಪಟ್ಟವನ್ನು ಲಾಂಬ್ರೋಸ್ ತಾಯಿಗೇ ಕಟ್ಟಿದ್ದ. ಸ್ತಾಥಿಸ್ ಎಂದೇ ಹೇಳುತ್ತೇನೆ, ಆ ದರಿದ್ರ ಹೆಸರು ನಮ್ಮ ಮನೆಯಲ್ಲಿ ಇಲ್ಲಿಗೇ ಮುಗಿಯಲಿ ಎಂದು ಆಕೆ ಊರಿಗೆಲ್ಲ ಸಾರಿದಳು.

ಆ ದಿನ ಬೆಳಿಗ್ಗೆ ಆಕೆ ಅಕ್ಕಿಗೆ ಜೇನು ಹಾಕಿ ರೊವಾನಿ ತೊಳಸುತ್ತಿದ್ದಾಗ ಮಗ ಬಂದು ಒಲೆಯ ಪಕ್ಕ ಕೂತ. ತಾತನ ಋಣ ತನಗೂ ಗೊತ್ತು, ಆದರೂ ಅಪ್ಪನ ಹೆಸರೇ ಇಡು ಎಂದ. ಆಕೆ ಸೌಟು ಎತ್ತಿದಳು.

"ಹೊಡಿ, ಆದ್ರೆ ಕೇಳು," ಎಂದ ಲಾಂಬ್ರೋಸ್. "ಚಿಕ್ಕೋನಿದ್ದಾಗ ಹಡಗು ಬಂದಾಗೆಲ್ಲ ದಕ್ಕೆಗೆ ಓಡಿ, ಒಡಿಸಿಯಾಸ್ ಬಂದಿದಾರಾ ಅಂತ ಕೇಳ್ತಿದ್ದೆ. ಅವನು ಬಂದು ಮೂರು ಸಾವಿರ ವರ್ಷ ಆಯ್ತಲ್ಲೋ ಅಂತ ಜನ ನಗೋರು. ಒಂದ್ಸಲನಾದ್ರೂ ಆ ಹೆಸರು ಕರೆದಾಗ ಯಾರಾದ್ರೂ ಓಡಿ ಬರ್ಲಿ ಅಮ್ಮ."

ರೊವಾನಿ ತಳ ಹಿಡಿಯಿತು.

ಚರ್ಚಿನಲ್ಲಿ ಪಾದ್ರಿ ಹೆಸರೇನೆಂದು ಕೇಳಿದಾಗ ಊರಿಗೆ ಊರೇ ಉಸಿರು ಬಿಗಿಹಿಡಿಯಿತು. ಕಲಿರೋಯಿ ಕಹಿ ಕಷಾಯ ಕುಡಿದವಳ ಹಾಗೆ ಮುಖ ಹಿಂಡಿ, "ಒಡಿಸಿಯಾಸ್" ಎಂದಳು. ಲಾಂಬ್ರೋಸ್ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ.

ತನ್ನ ತಪ್ಪೆಲ್ಲ ಮನ್ನಾ ಆಯಿತೆಂದು ಗಂಡ ಕಣ್ಣೊರೆಸಿಕೊಳ್ಳುತ್ತ ಬಂದು ಆಕೆಯ ಕೈ ಹಿಡಿದ. ಆಕೆ ಕೊಡವಿದಳು.

"ನಿನಗೆ ಕೊಟ್ಟಿದ್ದಲ್ಲ ಕಣೋ. ನಿನ್ನಿಂದ ಕಿತ್ಕೊಂಡಿದ್ದು."

ಅಂದಿನಿಂದ ಗಂಡನನ್ನು ಕರೆಯಬೇಕಾದರೆ ಆಕೆ "ಏ ಮುದುಕ" ಎನ್ನುತ್ತಾಳೆ. ಅವನೂ ಓಗೊಡುತ್ತಾನೆ.