ಪಡಸಾಲೆಗೆ ಬಾರದ ಮಂಚ

ಹುನಗುಂದದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ನಾನು ಪ್ರತಿವರ್ಷ ಜಡತ್ವದ ಪಾಠ ಮಾಡುತ್ತೇನೆ. ಹೊರಗಿನ ಬಲ ಬೀಳುವ ತನಕ ನಿಂತ ವಸ್ತು ನಿಂತೇ ಇರುತ್ತದೆ. ಒರಟು ನೆಲದ ಮೇಲೊಂದು ಪೆಟ್ಟಿಗೆ. ಹುಡುಗಿಯೊಬ್ಬಳು ತಳ್ಳುತ್ತಾಳೆ, ಅದು ಅಲುಗುವುದಿಲ್ಲ. ಅವಳು ತಳ್ಳಿದಷ್ಟೇ ಬಲದಿಂದ ಘರ್ಷಣೆ ತಡೆಯುತ್ತದೆ. ಇವು ಸಂತುಲಿತ ಬಲಗಳು ಎನ್ನುತ್ತದೆ ಪುಸ್ತಕ. ಕೇಳಲು ಎಷ್ಟು ಸಭ್ಯ ಶಬ್ದ! ಆ ಪೆಟ್ಟಿಗೆಯ ಚಿತ್ರ ಬರೆಯುವಾಗೆಲ್ಲ ನನಗೆ ಕಾಣುವುದು ಇಳಕಲ್ಲಿನ ತವರುಮನೆಯಲ್ಲಿದ್ದ ಅವ್ವನ ಮಂಚ.

ಪಾರ್ಶ್ವವಾಯು ಹೊಡೆದು ಅವ್ವನ ಎಡಗಡೆ ಬಿದ್ದುಹೋದ ಮೇಲೆ ಅಣ್ಣ ಅವಳನ್ನು ಹಿಂದಿನ ಕೋಣೆಗೆ ಹಾಕಿದ. ಹಿಂದೆ ಅಲ್ಲಿ ಕೈಮಗ್ಗವಿತ್ತು. ಮಗ್ಗದ ಕುಣಿ ಮುಚ್ಚಿ ಫರಸಿಕಲ್ಲು ಹಾಸಿದ ಜಾಗದಲ್ಲೇ ಮಂಚ. ಇದ್ದ ಒಂದು ಕಿಟಕಿಗೂ ಪಕ್ಕದ ಮನೆಯವರ ಹೊಸ ಗೋಡೆ ಅಡ್ಡ ಬಂದಿತ್ತು. ಅವ್ವ ಕೇಳಿದ್ದು ಒಂದೇ.

"ನನ್ನ ಪಡಸಾಲ್ಯಾಗ ಹಾಕ್ರಿ. ಓಣ್ಯಾಗ ಹೋಗೋ ಬರೋ ಮಂದೀನರ ನೋಡ್ತೇನಿ."

ಅಣ್ಣ ಇಲ್ಲ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

"ಸಾಗವಾನಿ ಮಂಚ ಐತಿ, ಬಾಗಿಲದಾಗ ಹಿಡಸೂದಿಲ್ಲ. ಬಡಿಗೇರನ್ನ ಕರಿಸಿ ಕಾಲ ಬಿಚ್ಚಸಬೇಕು. ನೋಡೋಣು ತಗೋ," ಅಂದ.

ರವಿವಾರ ಬಂತೆಂದರೆ ನಾನು ಹೋಗಿ ಕೇಳುವುದು, ಅವನು ನೋಡೋಣು ತಗೋ ಅನ್ನುವುದು. ಹಗುರಾದ ಕಬ್ಬಿಣದ ಮಂಚ ತರುತ್ತೇನೆ ಎಂದರೆ ಅಣ್ಣನ ಹೆಂಡತಿ, ನಮ್ಮ ವೈನಿ, ಪಡಸಾಲೆಯ ಸೋಫಾ ತೋರಿಸಿ, "ಬಂದವರು ಎಲ್ಲಿ ಕುಂದ್ರಬೇಕ್ರಿ?" ಎಂದರು. ಓಣಿಯ ತಿರುವಿನಲ್ಲೇ ಇದ್ದ ಬಡಿಗನನ್ನು ನಾನೇ ಹೋಗಿ ಕರೆದೆ. "ನಿಮ್ಮ ಅಣ್ಣಾರು ಒಂದ್ ಮಾತ್ ಹೇಳ್ಲಿ ಅಕ್ಕಾರ, ಬರ್ತೇನಿ," ಅಂದ. ಮದುವೆ ಮಾಡಿ ಕೊಟ್ಟ ಹೆಣ್ಣುಮಗಳ ಮಾತಿಗೆ ತವರಿನಲ್ಲಿ ಮಂಚದ ಕಾಲು ಕೂಡ ಬಿಚ್ಚುವುದಿಲ್ಲ. ನನ್ನ ಮನೆಗಾದರೂ ಬಾ ಎಂದರೆ ಅವ್ವನೇ ಒಪ್ಪಲಿಲ್ಲ. "ಮಗಾ ಇದ್ದೂ ಅಳಿಯನ ಮನ್ಯಾಗ ಬಿದ್ದಾಳ ಅಂತಾರ. ನಿಮ್ಮಣ್ಣನ ಮರ್ಯಾದಿ ಏನಾಗಬೇಕು?" ಆ ಮರ್ಯಾದೆಯ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ರವಿವಾರ ಸಿಟ್ಟು ತಡೆಯದೆ ನಾನೇ ಮಂಚಕ್ಕೆ ಬೆನ್ನು ಕೊಟ್ಟು ತಳ್ಳಿದೆ. ಬಾಗಿಲ ತನಕವಾದರೂ ಸರಿದರೆ ಅವ್ವನಿಗೆ ಒಂದಿಷ್ಟು ಬೆಳಕು ಕಾಣುತ್ತಿತ್ತು. ಅವ್ವ ಅದರ ಮೇಲೆಯೇ ಮಲಗಿದ್ದಳು. ಕೂದಲೆಳೆಯಷ್ಟೂ ಸರಿಯಲಿಲ್ಲ. ಪಡಸಾಲೆಯಲ್ಲಿ ಅಣ್ಣ ಟೀವಿಯ ದನಿ ಏರಿಸಿದ. ಅವ್ವ ಅರ್ಧ ಬಾಯಿಯಲ್ಲೇ ನಕ್ಕಳು.

"ಬಿಡವ್ವಾ, ನಿನ್ನ ಕೈಲೆ ಆಗೂದಲ್ಲ ಅದು."

ಶ್ರಾವಣದ ಒಂದು ಬೆಳಿಗ್ಗೆ ನಾನು ಮೊದಲ ಪಾಠದಲ್ಲಿದ್ದಾಗ ಫೋನ್ ಬಂತು. ಅವ್ವ ಹೋಗಿದ್ದಳು. ಇಳಕಲ್ ಏನೂ ದೂರವಲ್ಲ, ಸಿಕ್ಕ ಬಸ್ಸು ಹತ್ತಿದೆ. ನಾನು ಮನೆ ಮುಟ್ಟುವುದರೊಳಗೆ ಸೋಫಾ ಅಂಗಳದಲ್ಲಿತ್ತು. ಟೀವಿ ಗೋಡೆಯಿಂದ ಇಳಿದಿತ್ತು. ಜೀವ ಹೋದ ಮಂಚ ಮನೆಯೊಳಗೆ ಇರಬಾರದಂತೆ. ನಾಲ್ಕೂ ಕಾಲು ಬಿಚ್ಚಿ ಹಿತ್ತಲಿನ ಗೋಡೆಗೆ ಒರಗಿಸಿದ್ದರು. ಬಡಿಗ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ, ನನ್ನನ್ನು ಕಂಡು ತಲೆ ತಗ್ಗಿಸಿದ. ಅಸಂತುಲಿತ ಬಲ ಬಿದ್ದರೆ ವೇಗೋತ್ಕರ್ಷ ಉಂಟಾಗುತ್ತದೆ ಎಂದು ನಾನು ಮಕ್ಕಳಿಗೆ ಬರೆಸುತ್ತೇನಲ್ಲ, ಅದನ್ನು ಕಣ್ಣಾರೆ ಕಂಡೆ. ಅಣ್ಣ ಒಳಗೂ ಹೊರಗೂ ಓಡಾಡುತ್ತಿದ್ದ. ಅವನನ್ನು ಕದಲಿಸಿದ ಬಲ ಅವ್ವನದಲ್ಲ, ನನ್ನದಂತೂ ಅಲ್ಲವೇ ಅಲ್ಲ. ನೋಡಲು ಬರುವ ಮಂದಿಯದು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಅವ್ವನಿಗೆ ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ, ಬಾಗಿಲಿಗೆ ಮುಖ ಮಾಡಿ ಕೂಡಿಸಿದ್ದರು. ಬಾಗಿಲಿನ ಎರಡೂ ಕದ ತೆರೆದಿದ್ದವು. ಹೊರಗೆ ಓಣಿಯ ಮಂದಿ ಹೋಗುತ್ತಿದ್ದರು, ಬರುತ್ತಿದ್ದರು.

ಅಣ್ಣ ನನ್ನ ಕೈ ಹಿಡಿದು ಅತ್ತ. "ಅವ್ವಗ ಪಡಸಾಲಿ ಅಂದ್ರ ಭಾಳ ಜೀವ ಇತ್ತವಾ," ಅಂದ.

ನಾನು ಕೈ ಬಿಡಿಸಿಕೊಂಡು ಅವ್ವನ ಎದುರಿಗೆ ಹೋಗಿ ಕುಳಿತೆ. ಅವಳ ಕಣ್ಣುಗಳನ್ನು ಯಾರೋ ಆಗಲೇ ಮುಚ್ಚಿಬಿಟ್ಟಿದ್ದರು.