ಬಾಗಿಲು ಎಣಿಸುತ್ತಿದ್ದ ನಾಗರಾಜಣ್ಣ

ನಾಗರಾಜಣ್ಣ ಮುಚ್ಚಿದ ಬಾಗಿಲನ್ನು ಯಾವತ್ತೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಮೊದಲು ಕೈಯ ಹಿಂಬದಿಯನ್ನು ತಾಗಿಸಿ, ಒಂದು ಕ್ಷಣ ನಿಂತು, ಆಮೇಲೆ ಚಿಲಕಕ್ಕೆ ಕೈ ಹಾಕುವುದು. ಜ್ವರ ಬಂದ ಮಗುವಿನ ಕೆನ್ನೆ ಮುಟ್ಟಿ ನೋಡುವ ಹಾಗೆ. ಕಕ್ಕಸಿನ ಬಾಗಿಲಿಗೂ ಅದೇ ಮರ್ಯಾದೆ. ಮೊದಲ ವಾರ ಇದನ್ನು ನೋಡಿ ನಾವೆಲ್ಲ ಬಿದ್ದುಬಿದ್ದು ನಕ್ಕಿದ್ದೆವು.

ಕಾಮಾಕ್ಷಿಪಾಳ್ಯದಲ್ಲಿ ನಾನು ಕೆಲಸ ಮಾಡುವ ಗಾರ್ಮೆಂಟ್ಸ್‌ಗೆ ಅವರು ಸೆಕ್ಯುರಿಟಿಯಾಗಿ ಬಂದವರು. ನಾನು ಅಲ್ಲಿ ಸೂಪರ್‌ವೈಸರ್, ಬಾಯಿ ಜೋರು ಅಂತ ಹೆಸರು ತೆಗೆದುಕೊಂಡವಳು. ಅವರಿಗೆ ನಲವತ್ತೈದರ ಆಸುಪಾಸು. ಇಸ್ತ್ರಿ ಕೆಡದ ಶರ್ಟು, ಮುಖ ಕಾಣುವಂಥ ಬೂಟು. ಗೇಟು ಕಾಯುವವರಿಗೆ ಇಷ್ಟು ಠೀವಿ ಯಾಕೆ ಅಂತ ನಾನು ಕೆಣಕಿದಾಗ, ಹನ್ನೊಂದು ವರ್ಷ ವಿದೇಶದ ಕ್ರೂಸ್ ಹಡಗಿನಲ್ಲಿದ್ದೆ ಅಂದರು. ಪ್ರವಾಸಿಗರ ಕ್ಯಾಬಿನ್ನುಗಳಲ್ಲಿ ಹಾಸಿಗೆ ಹಾಸುವುದು, ಬಚ್ಚಲು ತೊಳೆಯುವುದು, ಹಡಗು ಹತ್ತಿದ ದಿನವೇ ಅವರಿಗೆ ಬೆಂಕಿಯ ನಿಯಮಗಳನ್ನು ಹೇಳಿಕೊಡುವುದು ಅವರ ಕೆಲಸವಾಗಿತ್ತು.

ಆ ನಿಯಮಗಳು ನಮಗೂ ಬಾಯಿಪಾಠವಾದವು. "ಕ್ಯಾಬಿನ್ನಲ್ಲಿ ಇಸ್ತ್ರಿಪೆಟ್ಟಿಗೆ ಇಲ್ಲ, ಮೇಣದಬತ್ತಿ ಇಲ್ಲ, ಊದುಬತ್ತಿ ಇಲ್ಲ. ಬಾಲ್ಕನಿಯಿಂದ ಸಿಗರೇಟ್ ಎಸಿಯಂಗಿಲ್ಲ, ಗಾಳಿಗೆ ಅದು ಪಕ್ಕದೋರ ಬಾಲ್ಕನಿಗೆ ಹೋಗಿ ಬೀಳತ್ತೆ. ನಿಮ್ಮ ಬಾಗಿಲಿಂದ ಮೆಟ್ಲಿಗೆ ಎಷ್ಟು ಬಾಗಿಲು ಅಂತ ಎಣಿಸಿಟ್ಕೊಳ್ಳಿ. ಹೊಗೆ ತುಂಬಿದ್ರೆ ಕಣ್ಣು ಕೆಲಸಕ್ಕೆ ಬರಲ್ಲ. ಬಾಗಿಲು ಬಿಸಿ ಇದ್ಯಾ ಅಂತ ಕೈ ಹಿಂದ್ಗಡೆಯಿಂದ ನೋಡಿ. ಅಂಗೈ ಸುಟ್ಕೊಂಡ್ರೆ ಆಮೇಲೆ ಮೆಟ್ಲು ಕಂಬಿ ಯಾವುದ್ರಲ್ಲಿ ಹಿಡಿತೀರಾ?"

ಪ್ರತಿ ಶನಿವಾರ ಊಟದ ಬಿಡುವಿನಲ್ಲಿ ನಮ್ಮನ್ನು ಕಣ್ಣು ಮುಚ್ಚಿಸಿ, ಗೋಡೆ ಸವರಿಕೊಂಡು ಹಿಂದಿನ ಬಾಗಿಲಿನವರೆಗೆ ನಡೆಸುತ್ತಿದ್ದರು. ಏಳು ಟೇಬಲ್ಲು, ಒಂದು ಕಂಬ, ಆಮೇಲೆ ಬಾಗಿಲು. ಆ ಬಾಗಿಲಿಗೆ ಅಡ್ಡವಾಗಿ ನಾವು ಬಟ್ಟೆಯ ಬಂಡಲ್ ಒಟ್ಟುತ್ತಿದ್ದೆವು. ಅವರು ಒಬ್ಬರೇ ಹೊತ್ತು ಬೇರೆ ಕಡೆ ಇಡುತ್ತಿದ್ದರು. "ಅಣ್ಣಾ, ಇದು ಹಡಗಲ್ಲ, ಕಾಮಾಕ್ಷಿಪಾಳ್ಯ" ಅಂತ ನಾನು ರೇಗಿಸಿದರೆ, "ಹಡಗಲ್ಲಾದ್ರೆ ಸುತ್ತ ನೀರಾದ್ರೂ ಇತ್ತು ಕಣಮ್ಮ. ಇಲ್ಲಿ ಟ್ಯಾಂಕರ್ ಬರೋವರ್ಗೂ ಕಾಯ್ಬೇಕು" ಅನ್ನುತ್ತಿದ್ದರು.

ಒಂದು ದಿನ ಮಧ್ಯಾಹ್ನ ಮುಂಬಾಗಿಲ ಪಕ್ಕದ ಸ್ವಿಚ್‌ಬೋರ್ಡ್ ಚಟಚಟ ಅಂದು ಕರೆಂಟು ಹೋಯಿತು. ಕೆಳಗಿದ್ದ ಬಟ್ಟೆಯ ರಾಶಿಯಿಂದ ದಟ್ಟ ಹೊಗೆ ಎದ್ದಿತು. ನನ್ನ ಜೋರು ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ. ಹೊಗೆಯ ಕತ್ತಲಲ್ಲಿ ಯಾರೋ ಹುಡುಗಿ "ಒಂದು... ಎರಡು..." ಅಂತ ಟೇಬಲ್ ಎಣಿಸತೊಡಗಿದಳು. ನಾವೆಲ್ಲ ಬಗ್ಗಿಕೊಂಡು ಅವಳ ದನಿಯ ಹಿಂದೆ ಹೋದೆವು. ಎಲ್ಲರೂ ಹಿಂದಿನ ಬಾಗಿಲಿಂದ ಹೊರಬಿದ್ದೆವು. ಒಬ್ಬರಿಗೂ ಏನೂ ಆಗಲಿಲ್ಲ.

ಸಂಜೆ ನಾನು ಅವರಿಗೆ ಕೈಮುಗಿಯಲು ಹೋದೆ. ಅವರು ಹಿಂದಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. "ಇಲ್ಲಿ ಹೇಳ್ದೆ ಕಣಮ್ಮ. ಅಲ್ಲಿ ಹೇಳ್ಲಿಲ್ಲ" ಅಂದರು. ಆಮೇಲೆ ಎಲ್ಲವನ್ನೂ ಹೇಳಿದರು.

ಹಡಗಿನ ಅವರ ಕೊನೆಯ ವರ್ಷದಲ್ಲಿ ರಾಜಾಜಿನಗರದ ವೃದ್ಧ ದಂಪತಿ ಅವರ ಪಾಲಿನ ಕ್ಯಾಬಿನ್ನಿಗೆ ಬಂದರಂತೆ. ಮಕ್ಕಳು ಕಳಿಸಿಕೊಟ್ಟಿದ್ದ ಪ್ರವಾಸ. ಎಂಟು ತಿಂಗಳಿಂದ ಕನ್ನಡದ ಒಂದು ಮಾತು ಕಿವಿಗೆ ಬಿದ್ದಿರದ ಮನುಷ್ಯ ನಾಗರಾಜಣ್ಣ. ನಿಯಮ ಹೇಳಬೇಕಾದ ಹೊತ್ತಿನಲ್ಲಿ ರಾಜಾಜಿನಗರದ ಯಾವ ಬ್ಲಾಕು, ಯಾವ ಹೋಟೆಲಿನ ದೋಸೆ ಅಂತ ಹರಟುತ್ತ ನಿಂತರು. ಕ್ಯಾಬಿನ್ನಿನಲ್ಲಿ ಅಕ್ಕಪಕ್ಕ ಒಂದೇ ಥರದ ಎರಡು ಬಾಗಿಲು. ಒಂದು ಬಚ್ಚಲಿನದು, ಒಂದು ಹೊರಗಿನದು. ಕತ್ತಲಲ್ಲೂ ಗುರುತಿಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತಿದ್ದವರು ಈ ದಂಪತಿಗೆ ಹೇಳಲಿಲ್ಲ.

ಶುಕ್ರವಾರ ಸಂಜೆ ಆ ತಾಯಿ, ಶಾರದಮ್ಮ, ಸೀರೆಗಳ ನಡುವೆ ಸುತ್ತಿ ತಂದಿದ್ದ ಪುಟ್ಟ ಹಿತ್ತಾಳೆ ದೀಪ ತೋರಿಸಿ, "ಒಂದೇ ಒಂದು ಬತ್ತಿ ಹಚ್ತೀನಪ್ಪ. ಮದುವೆಯಾದಾಗ್ಲಿಂದ ಒಂದು ಶುಕ್ರವಾರ ತಪ್ಪಿಸಿಲ್ಲ" ಅಂದರು. ನಾಗರಾಜಣ್ಣ ಬೇಡ ಅನ್ನಲಿಲ್ಲ. ಕುರ್ಚಿ ಹತ್ತಿ, ಸ್ನಾನಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿಯನ್ನು ಹೊಗೆ ಕಂಡರೆ ಕೂಗುವ ಅಲಾರಂಗೆ ತಾವೇ ತೊಡಿಸಿದರು. ಐದು ನಿಮಿಷ ಬಿಟ್ಟು ಆರಿಸಿಬಿಡಿ, ಬಂದು ಟೋಪಿ ತೆಗೀತೀನಿ ಅಂತ ಹೇಳಿ ಹೋದರು. ಆದರೆ ಶುಕ್ರವಾರ ಹಚ್ಚಿದ ದೇವರ ದೀಪವನ್ನು ನಮ್ಮ ಮನೆಗಳಲ್ಲಿ ಯಾರಾದರೂ ಉಫ್ ಅಂತ ಊದುತ್ತಾರೆಯೇ? ಎಣ್ಣೆ ತೀರಿ ಅದು ತಾನಾಗಿ ಶಾಂತವಾಗಬೇಕು. "ಅದು ನಂಗೂ ಗೊತ್ತಿತ್ತು ಕಣಮ್ಮ. ನಮ್ಮಮ್ಮನೂ ಊದ್ತಿರಲಿಲ್ಲ."

ಯಜಮಾನರು ಹೊಟ್ಟೆ ತೊಳಸಿ ಮಲಗಿದ್ದರು. ಶಾರದಮ್ಮ ಅವರಿಗೆ ಮೊಸರನ್ನ ತರಲು ಊಟದ ಹಾಲಿಗೆ ಹೋದರು. ಅಷ್ಟರಲ್ಲಿ ನಾಗರಾಜಣ್ಣನಿಗೆ ಇನ್ನೊಂದು ಕ್ಯಾಬಿನ್ನಿನಿಂದ ಕರೆ ಬಂದು ತಡವಾಯಿತು. ಕುರ್ಚಿಯ ಮೇಲೆ ಒಣಹಾಕಿದ್ದ ಪಂಚೆಗೆ ದೀಪ ತಗುಲಿ, ಕುರ್ಚಿಯ ಮೆತ್ತೆ ಒಳಗೊಳಗೇ ಹೊಗೆಯಾಡಿತು. ಅಲಾರಂ ಕೂಗಲಿಲ್ಲ. ಎಚ್ಚರವಾದ ಯಜಮಾನರು ತಡಕಾಡಿ ಬಾಗಿಲು ತೆರೆದು ಒಳಗೆ ಹೋಗಿದ್ದರು. ಅದು ಬಚ್ಚಲಿನ ಬಾಗಿಲು. ಅವರ ಜೀವ ಹೋಗಿದ್ದು ಅಲ್ಲೇ.

ಇಷ್ಟೇ ಆಗಿದ್ದರೆ ನಾನು ಅವರನ್ನು ಸಮಾಧಾನ ಮಾಡುತ್ತಿದ್ದೆ. ಹಡಗಿನ ಅಧಿಕಾರಿಗಳು ವಿಚಾರಣೆಗೆ ಕೂತರು. ಶಾರದಮ್ಮನಿಗೆ ಇಂಗ್ಲಿಷ್ ಬಾರದು. ಕನ್ನಡ ಬಲ್ಲವರು ಇಡೀ ಹಡಗಿನಲ್ಲಿ ನಾಗರಾಜಣ್ಣ ಒಬ್ಬರೇ. ಅವರನ್ನೇ ಅನುವಾದಕ್ಕೆ ಕೂರಿಸಿದರು. ಟೋಪಿ ಹಾಕಿದ್ದು ಯಾರು ಅಂತ ಕೇಳಿದಾಗ ಆ ತಾಯಿ, "ಈ ಹುಡುಗನೇ ಹಾಕಿದ್ದು. ನಮ್ಮ ಮೇಲಿನ ಅಕ್ಕರೆಗೆ ಹಾಕ್ದ. ಅವನನ್ನ ಏನೂ ಅನ್ಬೇಡಿ ಅಂತ ಹೇಳಪ್ಪ" ಅಂದರಂತೆ. ನಾಗರಾಜಣ್ಣ ಅಧಿಕಾರಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಟೋಪಿ ಹಾಕಿದ್ದು ತಾವೇ ಅಂತ ಈ ಅಮ್ಮ ಹೇಳುತ್ತಿದ್ದಾರೆ, ಅಂದರು. ಅದನ್ನೇ ಬರೆದುಕೊಂಡರು. ತೋರಿಸಿದ ಕಡೆ ಶಾರದಮ್ಮ ಸಹಿ ಹಾಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ನಲವತ್ತು ಜನರ ಜೀವ ಉಳಿಸಿದವರು ಅನ್ನುವುದನ್ನೂ ಮರೆತು ಬಾಯಿಗೆ ಬಂದ ಹಾಗೆ ಬೈದೆ. ಅವರು ತಲೆ ಎತ್ತದೆ ಕೇಳಿಸಿಕೊಂಡು, "ಹೋಗಿ ನಿಜ ಹೇಳ್ಬೇಕು. ಮೂರು ಸಲ ಆ ಅಮ್ಮನ ಮನೆ ಗೇಟಿನ ತನಕ ಹೋಗಿ ವಾಪಸ್ ಬಂದಿದೀನಿ. ನಿಮಗೆ ಬಾಯಿ ಜೋರು. ಜೊತೆಗೆ ಬನ್ನಿ" ಅಂದರು.

ಭಾನುವಾರ ಬೆಳಿಗ್ಗೆ ರಾಜಾಜಿನಗರದ ಆ ಮನೆಗೆ ಹೋದೆವು. ಬಾಗಿಲು ತೆಗೆದದ್ದು ಮಗಳು. ನಡುಮನೆಯಲ್ಲಿ ಶಾರದಮ್ಮ ಕುರ್ಚಿಯಲ್ಲಿ ಕೂತಿದ್ದರು. ದೇವರ ಗೂಡಿನಲ್ಲಿ ದೀಪವಿರಲಿಲ್ಲ. ಒಂದು ಸಣ್ಣ ಕೆಂಪು ಬಲ್ಬು ಉರಿಯುತ್ತಿತ್ತು. ನಾಗರಾಜಣ್ಣ ನೆಲದ ಮೇಲೆ ಕೂತು ಏನೂ ಮುಚ್ಚಿಡದೆ ಹೇಳಿದರು. ಟೋಪಿ ಹಾಕಿದ್ದು ನಾನು, ಸುಳ್ಳು ಹೇಳಿದ್ದೂ ನಾನು ಅಂದರು.

ಮಗಳು ತಾಯಿಯ ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು. "ಅಮ್ಮ ಹೇಳ್ತಾನೇ ಇದ್ರು, ಆ ಹುಡುಗ ಹಾಕಿದ್ದು ಅಂತ. ಎರಡು ವರ್ಷ ಹೇಳಿದ್ರು. ನಾವು ಪ್ರತಿ ಸಲ ಅವರು ಸಹಿ ಹಾಕಿದ್ದ ವಿಚಾರಣೆ ಪೇಪರ್ ತೋರಿಸಿ ಬಾಯಿ ಮುಚ್ಚಿಸಿದ್ವಿ."

ಶಾರದಮ್ಮ ಮಾತ್ರ ಶಾಂತವಾಗಿದ್ದರು. ನಾಗರಾಜಣ್ಣನ ತಲೆ ಸವರಿ, "ನೀನು ಮರ್ತಿದೀಯಪ್ಪ. ಹಾಕಿದ್ದು ನಾನೇ. ಪೇಪರಲ್ಲಿದೆ, ನನ್ನ ಸಹಿನೂ ಇದೆ. ನಾನೂ ಮೊದಮೊದಲು ಒಪ್ಕೊಳ್ತಿರಲಿಲ್ಲ. ಈಗ ಚೆನ್ನಾಗಿ ನೆನಪಿದೆ, ಕುರ್ಚಿ ಹತ್ತಿದ್ದು ಕೂಡ" ಅಂದರು. "ಅಷ್ಟು ಜನ ಪರದೇಶದೋರ ಮಧ್ಯೆ ನನ್ನ ಮಾತನ್ನ ಅವರಿಗೆ ಮುಟ್ಟಿಸಿದೋನು ನೀನೊಬ್ನೇ. ನೀನ್ಯಾಕೆ ಅಳ್ತೀಯಾ?"

"ಇಲ್ಲಮ್ಮ, ನಾನು, ನಾನು" ಅಂತ ನಾಗರಾಜಣ್ಣ ಎಷ್ಟು ಸಲ ಅಂದರೋ. ಮಗಳೂ ಹೇಳಿದಳು. ನನ್ನ ಜೋರು ಬಾಯಿಂದ ನಾನೂ ಹೇಳಿದೆ. ಅವರು ನಮ್ಮೆಲ್ಲರನ್ನೂ ನೋಡಿ ಪಾಪ ಅನ್ನುವಂತೆ ತಲೆಯಾಡಿಸಿದರು.

ನಾಗರಾಜಣ್ಣನನ್ನು ನಾನು ನೋಡಿದ್ದು ಅದೇ ಕೊನೆ. ಮರುದಿನ ಅವರು ಕೆಲಸಕ್ಕೆ ಬರಲಿಲ್ಲ. ಫೋನು ಸ್ವಿಚ್ ಆಫ್. ಬಾಡಿಗೆ ಕೋಣೆಗೆ ಹೋಗಿ ನೋಡಿದರೆ ಬೀಗ. ಹೊಸ ಸೆಕ್ಯುರಿಟಿಗೆ ಹಿಂದಿನ ಬಾಗಿಲ ಗೊಡವೆಯೇ ಇಲ್ಲ. ಬಂಡಲ್‌ಗಳನ್ನು ಈಗ ನಾನೇ ಎತ್ತಿಡುತ್ತೇನೆ. ಅವರ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೂ ಅವರು ಎಲ್ಲಾದರೂ ಇರಲಿ ಅಂತ ಆಸೆ.

ಅವತ್ತು ಶಾರದಮ್ಮನ ಮನೆಯಿಂದ ಅವರು ಹೊರಟಿದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಕಣ್ಣು ಒರೆಸಿಕೊಳ್ಳುತ್ತ ಎದ್ದು ನೇರವಾಗಿ ನಡೆದರು. ಬಾಗಿಲು ಎಣಿಸಲಿಲ್ಲ, ಕೈಯ ಹಿಂಬದಿ ತಾಗಿಸಲಿಲ್ಲ. ಅಂಗೈಯಿಂದಲೇ ತಳ್ಳಿ ಒಳಗೆ ಕಾಲಿಟ್ಟು ಹಾಗೇ ನಿಂತುಬಿಟ್ಟರು. ಹಿಂದಿನಿಂದ ಶಾರದಮ್ಮ ಮೆಲ್ಲಗೆ ಹೇಳಿದರು:

"ಅದು ಬಚ್ಚಲು ಕಣಪ್ಪ. ಹೊರಗಿನ ಬಾಗಿಲು ಪಕ್ಕದ್ದು."