ಪಿಸ್ತೂಲ್ ಕವರಿನ ಲಗಮಣ್ಣ

ಅಥಣಿಯಲ್ಲಿ ಚಪ್ಪಲಿ ಹೊಲಿಯುವವರಿಗೆ ಬರಗಾಲವಿರಲಿಲ್ಲ. ಲಗಮಣ್ಣನ ಓಣಿಯಲ್ಲಿ ಯಾವ ಕಟ್ಟೆ ನೋಡಿದರೂ ತೊಗಲು, ಅದನ್ನು ಕೊಯ್ಯುವ ರಂಪಿಗೆ, ಮೇಣದ ದಾರ. ಆದರೆ ಪಿಸ್ತೂಲಿಗೆ ಕವರ್ ಹೊಲಿಯುವವನು ಮಾತ್ರ ಅವನೊಬ್ಬನೇ. ಅದು ಅವನು ಬಯಸಿ ಹಿಡಿದ ಕಸುಬೂ ಅಲ್ಲ. ಫೌಜಿನಿಂದ ನಿವೃತ್ತರಾಗಿ ಬಂದ ಒಬ್ಬರು ತಮ್ಮ ಹರಕು ಕವರನ್ನು ರಿಪೇರಿಗೆ ಕೊಟ್ಟಿದ್ದರು. ಲಗಮಣ್ಣ ಅದರ ಹೊಲಿಗೆ ಬಿಚ್ಚಿ, ಒಳಗಿನ ಮರ್ಮ ತಿಳಿದುಕೊಂಡು, ಅಂಥದೇ ಹೊಸದೊಂದನ್ನು ಮಾಡಿಕೊಟ್ಟ. ಆ ಕವರ್ ಯಾರದೋ ಮದುವೆಯಲ್ಲಿ ನಾಲ್ಕು ಜನರ ಕಣ್ಣಿಗೆ ಬಿತ್ತು. ಅಲ್ಲಿಂದ ಅವನ ಗ್ರಹಚಾರ ಸುರುವಾಯಿತು.

ಎಂಬತ್ತರ ದಶಕದ ಮಾತು. ಕಬ್ಬು, ದ್ರಾಕ್ಷಿ ಕೈಹಿಡಿದ ಮನೆತನಗಳಲ್ಲಿ ಸೊಂಟಕ್ಕೆ ರಿವಾಲ್ವರ್ ಕಟ್ಟುವುದು ಒಂದು ದೌಲತ್ತು. ಲೈಸೆನ್ಸಿನ ಅರ್ಜಿಯಲ್ಲಿ ಜೀವಭಯ ಅಂತ ಬರೆದಿರುತ್ತಿದ್ದರೂ, ಹೆಚ್ಚಿನವರು ಅದನ್ನು ಕಟ್ಟಿಕೊಳ್ಳುತ್ತಿದ್ದುದು ಸೊಸೈಟಿ ಮೀಟಿಂಗಿಗೆ, ಬೀಗರ ಊರಿಗೆ ಹೋಗುವಾಗ. ಕವರ್ ಅವರವರ ಅಳತೆಗೆ, ಅವರವರ ಹಟಕ್ಕೆ ತಕ್ಕಂತೆ ಆಗಬೇಕು. ತೊಗಲನ್ನು ನೀರಲ್ಲಿ ನೆನೆಸಿ, ಎಣ್ಣೆ ಬಟ್ಟೆ ಸುತ್ತಿದ ರಿವಾಲ್ವರಿನ ಮೇಲೆ ಎಳೆದು, ಎಲುಬಿನ ತುಂಡಿನಿಂದ ತಿಕ್ಕಿ ತಿಕ್ಕಿ ಕೂರಿಸಿ, ಅದು ಒಣಗುವವರೆಗೆ ಹಾಗೇ ಬಿಡಬೇಕು. ತೊಂದರೆ ಇದ್ದದ್ದೇ ಇಲ್ಲಿ. ಚಪ್ಪಲಿಗಾದರೆ ಕಾಲಿನ ಅಳತೆ ಕೊಟ್ಟು ಜನ ಹೊರಟುಹೋಗುತ್ತಾರೆ. ರಿವಾಲ್ವರನ್ನು ಹಾಗೆ ಬಿಟ್ಟು ಹೋಗುವಂತಿಲ್ಲ. ತೊಗಲು ಒಣಗುವ ತನಕ ಗಿರಾಕಿ ಅಂಗಡಿಯಲ್ಲೇ ಠಾಣ್ಯ ಹೂಡುತ್ತಿದ್ದ.

ಹಾಗೆ ಠಾಣ್ಯ ಹೂಡುವವರಲ್ಲಿ ಅನಂತಪುರದ ಭೀಮಗೊಂಡ ಪಾಟೀಲರಷ್ಟು ಲಗಮಣ್ಣನ ಪಿತ್ತ ಕೆರಳಿಸಿದವರು ಇನ್ನೊಬ್ಬರಿಲ್ಲ. ದೊಡ್ಡ ದ್ರಾಕ್ಷಿ ತೋಟ, ಅದಕ್ಕಿಂತ ದೊಡ್ಡ ಹೊಟ್ಟೆ, ಎಲ್ಲಕ್ಕಿಂತ ದೊಡ್ಡ ಬಾಯಿ. ಅವರು ಬಂದು ಕುರ್ಚಿ ಎಳೆದುಕೊಂಡರೆ ಚಹಾ ಬರಬೇಕು, ಹೋಗುವವರು ಬರುವವರು ನಿಲ್ಲಬೇಕು, ನಿಂತವರು ಒಂದೊಂದು ಸಲಹೆ ಕೊಡಬೇಕು.

"ಲಗಮಣ್ಣಾ, ಈ ಪಟ್ಟಿ ಸ್ವಲ್ಪ ಸಡ್ಲ ಆಗಬೇಕಲೇ. ಪಟ್ನ ತಗೀಬೇಕಾದ್ರ ಹ್ಯಾಂಗ ತಗೀಬೇಕು ನಾ?"

"ಪಟ್ನ ಯಾರ ಮ್ಯಾಲ ತಗೀತೀರ್ರಿ ಗೌಡ್ರ?"

"ಯಾರ ಮ್ಯಾಲರೆ ತಗೀತೀನಿ, ನಿನಗ್ಯಾಕ? ಸಡ್ಲ ಮಾಡು."

ಸಡಲ ಮಾಡಿಕೊಟ್ಟರೆ ಮುಂದಿನ ವಾರ ಬಂದು "ಜೀಪಿನ್ಯಾಗ ಕುಂತ್ರ ಜಾರತೈತಿ, ಬಿಗಿ ಮಾಡು" ಅನ್ನುವರು. ಬಿಗಿ ಮಾಡಿದರೆ ಟಿಚ್ ಬಟನ್ನಿನ ಬಣ್ಣ ಸರಿಯಿಲ್ಲ. ಅದನ್ನು ಬದಲಿಸುವ ಹೊತ್ತಿಗೆ ಗೌಡರ ಸೊಂಟವೇ ಇನ್ನಷ್ಟು ಬೆಳೆದು ಬೆಲ್ಟು ಸಾಲದಾಗುತ್ತಿತ್ತು. ಒಂದೇ ರಿವಾಲ್ವರಿಗೆ ಮೂರು ಕವರಾದರೂ ಅವರಿಗೆ ಸಮಾಧಾನವಾಗಿರಲಿಲ್ಲ.

"ಆ ಪಿಸ್ತೂಲದಾಗ ಒಂದು ಗುಂಡ ಇದ್ರ ಮೊದಲ ನಾನ ಹೊಡಕೋತೀನಿ," ಅನ್ನುತ್ತಿದ್ದ ಲಗಮಣ್ಣ ಒಳಗೆ ಬಂದು.

ಹೆಂಡತಿ ಅಕ್ಕುತಾಯಿ ತೊಗಲಿನ ಅಂಚು ಕೆರೆಯುತ್ತ ತಲೆಯೆತ್ತದೆ ಹೇಳುವಳು: "ಹೊಡಕೊಳ್ಳೂಕಿಂತ ಮೊದಲ ಆ ಬೆಲ್ಟ ಮುಗಸ್ರಿ. ನೀವು ಸತ್ರೂ ಅವರು ಬಂದು ಕುಂದರತಾರ."

ಎಂಬತ್ತೊಂಬತ್ತರಲ್ಲಿ ಚುನಾವಣೆ ಬಂತು. ಲೈಸೆನ್ಸಿನ ಆಯುಧಗಳನ್ನೆಲ್ಲ ಪೊಲೀಸ್ ಠಾಣೆಗೆ ಜಮಾ ಮಾಡಬೇಕೆಂದು ಹುಕುಂ ಹೊರಟಿತು. ತಾಲೂಕಿನ ರಿವಾಲ್ವರುಗಳೆಲ್ಲ ಠಾಣೆಯ ಕಪಾಟು ಸೇರಿದವು. ಲಗಮಣ್ಣನ ಅಂಗಡಿಯಲ್ಲಿ ಮಾತ್ರ ಅರ್ಧ ಹೊಲಿದ ಕವರುಗಳು ಬಾಯಿ ತೆರೆದುಕೊಂಡು ತೂಗಾಡಿದವು. ಗಿರಾಕಿಗಳು ಆಯುಧವಿಲ್ಲದೆ ಬಂದು ಕೂತು ಕೈಬೆರಳಲ್ಲಿ ಪಿಸ್ತೂಲಿನ ಆಕಾರ ಮಾಡಿ ತೋರಿಸತೊಡಗಿದರು. "ಇಷ್ಟ ಉದ್ದ ಐತಿ ನೋಡು. ಇಲ್ಲಿ ಸ್ವಲ್ಪ ಡೊಂಕ." ಭೀಮಗೊಂಡರಂತೂ ಚುನಾವಣೆ ಪ್ರಚಾರಕ್ಕೆ ಖಾಲಿ ಕವರಾದರೂ ಸೊಂಟಕ್ಕಿರಲಿ ಅಂತ ದಿನಾ ಆಳು ಕಳಿಸಿದರು.

ಬೆರಳಿಗೆ ಕವರ್ ಹೊಲಿಯುವುದು ಹೇಗೆ? ತಲೆ ಕೆಟ್ಟ ಲಗಮಣ್ಣ ಎದ್ದು ಬಡಿಗೇರ ಮಲಕಾರಿಯ ಹತ್ತಿರ ಹೋದ. ಇಷ್ಟು ವರ್ಷ ಎಣ್ಣೆ ಬಟ್ಟೆ ಸುತ್ತಿ ಸವರಿ ಸವರಿ ರಿವಾಲ್ವರುಗಳ ಮೈಕಟ್ಟೆಲ್ಲ ಅವನ ಕೈಗೆ ಬಾಯಿಪಾಠವಾಗಿತ್ತು. ಅವನು ಹೇಳುತ್ತ ಹೋದ, ಮಲಕಾರಿ ಸಾಗವಾನಿ ತುಂಡುಗಳನ್ನು ಕೆತ್ತುತ್ತ ಹೋದ. ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ಕಟ್ಟಿಗೆಯ ಪಿಸ್ತೂಲುಗಳಾದವು. ತೊಗಲು ನೆನೆಸಿ ಅವುಗಳ ಮೇಲೆ ಎಳೆದು ಬಿಸಿಲಿಗಿಟ್ಟ. ಯಾರೂ ಕುರ್ಚಿ ಎಳೆದು ಕೂರಲಿಲ್ಲ. ಚಹಾ ಕೇಳಲಿಲ್ಲ. ಸಡಲ ಮಾಡು, ಬಿಗಿ ಮಾಡು ಅನ್ನಲಿಲ್ಲ. ಲಗಮಣ್ಣ ಜನ್ಮದಲ್ಲಿ ಮೊದಲ ಸಲ ಕೆಲಸದ ನಡುವೆ ಹಾಡು ಗುನುಗಿದ.

ಆ ಹಾಡು ಸಂಜೆವರೆಗೂ ಉಳಿಯಲಿಲ್ಲ. ಚುನಾವಣೆಯ ಗದ್ದಲದಲ್ಲಿ ಯಾರೋ ಠಾಣೆಗೆ ಸುದ್ದಿ ಮುಟ್ಟಿಸಿದ್ದರು: ಲಗಮಣ್ಣ ನಾಡಪಿಸ್ತೂಲು ಮಾಡಿ ಅಂಗಳದಾಗ ಒಣಗ ಹಾಕ್ಯಾನ. ಹವಾಲ್ದಾರರು ಇಬ್ಬರು ಪೇದೆಗಳ ಜೊತೆ ಬಂದು ಮೂರನ್ನೂ ಚೀಲಕ್ಕೆ ತುಂಬಿದರು.

"ಸಾಹೇಬ್ರ, ಅವು ಕಟ್ಟಿಗೀವು ಅದಾವ್ರಿ. ಮುಟ್ಟಿ ನೋಡ್ರಿ!"

"ಕಟ್ಟಿಗೀವರೆ ಇರಲಿ, ಕಬ್ಬಿಣದವರೆ ಇರಲಿ. ಎಲೆಕ್ಷನ್ ಮುಗಿಯೋತನಕ ಜಮಾ."

"ಇವಕ್ಕ ಲೈಸೆನ್ಸ ಇಲ್ಲಲ್ರಿ, ಹ್ಯಾಂಗ ಜಮಾ ಮಾಡತೀರಿ?"

"ಲೈಸೆನ್ಸ ಇಲ್ಲಂದ್ರ ಕೇಸ ಇನ್ನೂ ವಜ್ಜಾ ಆತಲ್ಲೋ!" ಅಂದರು ಹವಾಲ್ದಾರರು.

ಗೌಡರ ರಿವಾಲ್ವರುಗಳ ಪಕ್ಕದಲ್ಲೇ ಲಗಮಣ್ಣನ ಕಟ್ಟಿಗೆ ತುಂಡುಗಳೂ ಕಪಾಟಿನಲ್ಲಿ ಮಲಗಿದವು. ಮತ ಎಣಿಕೆ ಮುಗಿದ ಮೇಲೆ ಅವನು ಗೌಡರ ಸಾಲಿನಲ್ಲಿ ನಿಂತು ತನ್ನ ಮಾಲು ಬಿಡಿಸಿಕೊಂಡು ಬಂದ. ಓಣಿಯವರು ನಕ್ಕು ನಕ್ಕು ಸತ್ತರು. 

ಆದರೆ ಆ ಕಟ್ಟಿಗೆಯ ಅಚ್ಚುಗಳು ಕೈಯಲ್ಲಿದ್ದವು. ಅಕ್ಕುತಾಯಿ ಒಂದು ದಿನ ಸುಮ್ಮನಿರಲಾರದೆ ಹೇಳಿದಳು: "ಚಪ್ಪಲಿ ಏನ್ ಒಬ್ಬೊಬ್ಬರ ಕಾಲ ಹಿಡಕೊಂಡು ಕುಂತು ಮಾಡತಾರೇನು? ಮಾಡಿ ಜೋತ ಹಾಕತಾರ, ಬಂದವರು ಹಾಕ್ಕೊಂಡು ಹೋಗತಾರ. ಇವನ್ನೂ ಹಂಗ ಮಾಡ್ರಿ. ಆಗೂದಿದ್ರ ಒಯ್ಯಲಿ, ಇಲ್ಲಾಂದ್ರ ಬಿಡಲಿ."

ಮಾಡಿ ಜೋತುಹಾಕಿದರು. ಒಬ್ಬ ಗೌಡನೂ ಒಯ್ಯಲಿಲ್ಲ. ಬಂದವರು ಮುಟ್ಟಿ ನೋಡಿ, ಬಾಯಿ ಸೊಟ್ಟ ಮಾಡಿ, "ಇಂಥಾದ್ನ ನಾನೂ ಕಟ್ಟಬೇಕು, ನನ್ನ ದಾಯಾದೀನೂ ಕಟ್ಟಬೇಕು. ಮತ್ತ ನನಗೂ ಅವಗೂ ಫರಕ ಏನ ಉಳೀತು?" ಅಂದು, ಎಂದಿನಂತೆ ಕುರ್ಚಿ ಎಳೆದು ಕೂತರು.

ಕೊನೆಗೆ ಲಗಮಣ್ಣ ಅವನ್ನೆಲ್ಲ ಗಂಟು ಕಟ್ಟಿಕೊಂಡು ಕೆಂಪು ಬಸ್ಸು ಹತ್ತಿದ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಿಪ್ಪಾಣಿಯಲ್ಲಿ ಇಳಿದ. ಅಲ್ಲಿ ಹೆದ್ದಾರಿಯ ಬದಿಗೆ ಧನಪಾಲ ಎಂಬ ವ್ಯಾಪಾರಿಯ ದೊಡ್ಡ ಅಂಗಡಿ: ಪೊಲೀಸರ ಬೆಲ್ಟು, ಸೀಟಿ, ವಾಚ್‌ಮನ್ನರ ಟೊಪ್ಪಿಗೆ, ಟಾರ್ಚು, ಬೂಟು. ಧನಪಾಲರು ಒಂದು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೊಲಿಗೆಯನ್ನು ಉಗುರಿನಿಂದ ಗೀರಿದರು.

"ಮಾಲ ಏಕದಮ್ ಭಾರಿ ಐತಿ. ಇದ್ದಷ್ಟೂ ಇಡು. ಮುಂದಿನ ತಿಂಗಳು ಮತ್ತ ತಾ. ಖರೇ ಒಂದು ಮಾತು, ಅಥಣಿ ಅಂತ ಎಲ್ಲೂ ಹೇಳಬ್ಯಾಡ. ನಾ ಇದರ ಮ್ಯಾಲ ಬಾಂಬೆ ಅಂತ ಶಿಕ್ಕಾ ಹಾಕತೀನಿ."

"ಯಾಕ್ರಿ ಸಾವ್ಕಾರ್ರ? ಹೊಲಿದಾವ ನಾನು!"

"ಅಥಣಿ ಅಂದ್ರ ಜನ ಚಪ್ಪಲಿ ಅಂತಾರ. ಪಿಸ್ತೂಲಿಗೆ ಬಾಂಬೆನ ಬೇಕಪಾ."

ಲಗಮಣ್ಣನಿಗೆ ಮೈಯೆಲ್ಲ ಉರಿಯಿತು. ಆದರೂ ಗಂಟು ಹೊತ್ತು ತಿರುಗಿ ಬರುವುದನ್ನು ನೆನೆಸಿ ಹೂಂ ಅಂದ. ಅಲ್ಲಿ ಕವರುಗಳು ಬಿಸಿ ಭಜಿಯ ಹಾಗೆ ಖರ್ಚಾದವು. ಬ್ಯಾಂಕಿನ ಗಾರ್ಡುಗಳು ಒಯ್ದರು, ಸಕ್ಕರೆ ಕಾರ್ಖಾನೆಯವರು ಒಯ್ದರು. ವಿಚಿತ್ರವೆಂದರೆ ಪಿಸ್ತೂಲೇ ಇಲ್ಲದವರೂ ಒಯ್ದರು. ಲೈಸೆನ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದವರು, ಅರ್ಜಿ ತಿರಸ್ಕಾರವಾದವರು, ಅರ್ಜಿಯನ್ನೇ ಹಾಕದವರು, ಎಲ್ಲ ಕವರ್ ಕಟ್ಟಿ, ಅಂಗಿ ಸ್ವಲ್ಪ ಉಬ್ಬುವಂತೆ ಮೇಲೆ ಬಿಟ್ಟು ತಿರುಗತೊಡಗಿದರು. ಚಿಕ್ಕೋಡಿ ಹತ್ತಿರ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನೊಬ್ಬ ಅಂಥ ಕವರಿನ ಟಿಚ್ ಬಟನ್ ಬಿಚ್ಚಿ, ಒಳಗಿಂದ ತಂಬಾಕು ಸುಣ್ಣದ ಡಬ್ಬಿ ತೆಗೆದು ಉಜ್ಜಿಕೊಂಡದ್ದನ್ನು ಲಗಮಣ್ಣ ಕಣ್ಣಾರೆ ನೋಡಿದ. ಅಚ್ಚಿನ ಮೇಲೆ ಇಡೀ ದಿನ ಎಲುಬಿನಿಂದ ತಿಕ್ಕಿ ಕೂರಿಸಿದ ತೊಗಲು ಅದು! ಅವನು ಮೋರೆ ತಿರುಗಿಸಿಕೊಂಡು ಕಿಟಕಿ ಹೊರಗೆ ನೋಡುತ್ತ ಕೂತ.

ಹೀಗೆ ಒಂದೆರಡು ವರ್ಷ ಕಳೆದವು. ಒಂದು ದಿನ ಭೀಮಗೊಂಡರು ಜೀಪಿನಿಂದ ಇಳಿದು ಬಂದು, ಕುರ್ಚಿ ಎಳೆಯದೆ ನಿಂತೇ ಹೇಳಿದರು:

"ಇನ್ನ ನಿನ್ನ ಕಡೆ ಬರಂಗಿಲ್ಲೋ ಲಗಮಣ್ಣಾ. ನೋಡು, ಬಾಂಬೆ ಮಾಲ! ನಿಪ್ಪಾಣ್ಯಾಗ ತಗೊಂಡೆ. ಹೊಲಿಗಿ ನೋಡು, ಅಂಚ ನೋಡು. ಕಲಿ, ಕಲಿ. ಹಿಂಗ ಮಾಡಬೇಕು ಕೆಲಸ."

ಲಗಮಣ್ಣ ಕವರನ್ನು ಕೈಯಲ್ಲಿ ಹಿಡಿದ. ಅಂಚು ಕೆರೆದ ರೀತಿ ಅಕ್ಕುತಾಯಿಯದು. ಹೊಲಿಗೆ ತನ್ನದು. "ಗೌಡ್ರ, ಇದು ನಾ ಮಾಡಿದ್ದರಿ."

"ಹೂಂ. ನಾಳೆ ತಾಜಮಹಲನೂ ನಾನ ಕಟ್ಟೀನಿ ಅಂತಿ."

"ನನ್ನ ಮಕ್ಕಳಾಣಿ ಗೌಡ್ರ. ಒಳಗ ಬರ್ರಿ, ಅಚ್ಚ ತೋರಸತೀನಿ." ಒಳಗೆ ಓಡಿ ನಡುವಿನ ಅಚ್ಚು ತಂದು ಕವರಿನೊಳಗೆ ಇಳಿಸಿದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

ಗೌಡರು ಅದನ್ನು ನೋಡಿ, ಅವನನ್ನು ನೋಡಿ, ಗೊಳ್ಳನೆ ನಕ್ಕರು. "ಬಾಂಬೇದವರ ಕವರ ನೋಡಿ ಅಚ್ಚ ಹೊಡದು ಇಟ್ಟಕೊಂಡೀಯಲ್ಲಲೇ! ಭಾಳ ಶ್ಯಾಣ್ಯಾ ಅದಿ. ನಕಲ ಮಾಡಿದ್ರೂ ಅವರ ಕೈ ಬರಂಗಿಲ್ಲ ತಗೋ."

ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಲಗಮಣ್ಣ ಅಚ್ಚನ್ನು ಗೋಡೆಗೆ ಬೀಸಿ ಒಗೆದ. ಅದರ ಮೂತಿಯ ಚೂರೊಂದು ಹಾರಿಹೋಯಿತು. ಅಕ್ಕುತಾಯಿ ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

"ಕಟ್ಟಿಗಿ ಮ್ಯಾಲ್ಯಾಕ ಸಿಟ್ಟ? ಗೌಡರಿಗೆ ಸಿಕ್ಕದ್ದು ಬಾಂಬೆ ಹೆಸರು, ಅವರದೇನು ತಪ್ಪ? ಹೆಸರ ಬಿಟ್ಟ ಕೊಟ್ಟಾವರು ನೀವು."

ಆ ಮಾತು ಚುಚ್ಚಿತು. ಮುಂದಿನ ಗಂಟನ್ನು ಒಯ್ಯುವಾಗ ಲಗಮಣ್ಣ ಎಲ್ಲ ಕವರುಗಳ ಒಳಮೈಗೆ 'ಅಥಣಿ' ಎಂದು ಕಾಸಿದ ಶಿಕ್ಕಾ ಒತ್ತಿಸಿದ್ದ. ಧನಪಾಲರು ಗಂಟನ್ನು ಹಾಗೇ ಹಿಂದಕ್ಕೆ ಸರಿಸಿದರು. ಕೂಗಾಡಲಿಲ್ಲ. "ನಿಂದೂ ಖರೆ, ನಂದೂ ಖರೆ. ಆದ್ರ ಅಂಗಡಿ ನಂದು," ಅಂದರು ಅಷ್ಟೇ. ಲಗಮಣ್ಣ ಅದೇ ಗಂಟು ಹೊತ್ತು ರಾಯಬಾಗದ ಕಡೆಯ ಸಕ್ಕರೆ ಕಾರ್ಖಾನೆಗಳ ಗೇಟಿನಿಂದ ಗೇಟಿಗೆ ಅಲೆದ. ಮೊದಲನೆಯ ಕಡೆ ಒಳಗೇ ಬಿಡಲಿಲ್ಲ. ಎರಡನೆಯ ಕಡೆ ಚಪ್ಪಲಿ ಇದ್ದರೆ ತೋರಿಸು ಅಂದರು. ಇನ್ನೊಂದು ಕಡೆ ಕಾವಲಿನ ಮುಖ್ಯಸ್ಥರಾಗಿದ್ದ ಫೌಜಿನ ನಿವೃತ್ತ ಸುಬೇದಾರರು ಶಿಕ್ಕಾದತ್ತ ಕಣ್ಣೂ ಹಾಯಿಸದೆ, ಕವರಿಗೆ ತಮ್ಮ ಆಯುಧ ಇಳಿಸಿ, ತೆಗೆದು, ಮತ್ತೆ ಇಳಿಸಿ, "ಸಾಕು, ಕಳಸತಿರು," ಅಂದರು. ಒಬ್ಬರಿಂದ ಇನ್ನೊಬ್ಬರಿಗೆ ಮಾತು ಹೋಯಿತು. ಕಾಗವಾಡ, ಹಾರೂಗೇರಿ, ಗಡಿಯಾಚೆಯ ಊರುಗಳಿಂದಲೂ ಬೇಡಿಕೆ ಬಂತು. ಲಗಮಣ್ಣ ಹೊಲಿಗೆ ಮಶೀನು ತಂದ. ಅಂಗಡಿಯಲ್ಲಿದ್ದ ಆ ಕುರ್ಚಿಯನ್ನು ಅಟ್ಟಕ್ಕೆ ಹಾಕಿದ. ಅಳತೆಯ ಕೆಲಸ ಬಂದ್ ಎಂದು ಬಂದವರಿಗೆಲ್ಲ ಹೇಳಿದ.

ತೊಂಬತ್ತಾರರ ಸುಮಾರಿಗೆ ಹಾರೂಗೇರಿ ಕಡೆಯಿಂದ ಗೌರಾಬಾಯಿ ಎಂಬ ಹೆಂಗಸು ಬಂದಳು. ಗಂಡ ತೀರಿದ ಮೇಲೆ ಕಬ್ಬಿನ ಹೊಲವನ್ನು ಒಬ್ಬಳೇ ಮಾಡಿಸುತ್ತಿದ್ದಳು. ಮೈದುನಂದಿರು ಹೊಲದ ಬದುವಿನಲ್ಲಿ ನಿಂತು ಹೆದರಿಸುತ್ತಿದ್ದರು. ಬಹಳ ಓಡಾಡಿ ಗಂಡನ ರಿವಾಲ್ವರನ್ನು ತನ್ನ ಹೆಸರಿನ ಲೈಸೆನ್ಸಿಗೆ ಹಾಕಿಸಿಕೊಂಡಿದ್ದಳು. ಜೋತುಹಾಕಿದ್ದ ಕವರುಗಳನ್ನೆಲ್ಲ ಒಂದೊಂದಾಗಿ ಇಳಿಸಿ ನೋಡಿದಳು.

"ಇವೆಲ್ಲ ಪ್ಯಾಂಟ ಹಾಕೂವರಿಗೆ ಆಗ್ಯಾವ ತಮ್ಮಾ. ನಾ ಸೀರಿ ಉಡತೀನಿ. ಬೆಲ್ಟ ಎಲ್ಲಿ ಕಟ್ಟಲಿ?"

"ಅಳತಿ ಕೆಲಸ ಬಿಟ್ಟೀನ್ರಿ ಅವ್ವಾರ."

"ಬಿಟ್ಟಿದ್ರ ಹಿಡಿ. ನನ್ನ ಅಳತೀದು ಬಾಂಬೆದಾಗೂ ಸಿಗಂಗಿಲ್ಲ." ಹೀಗೆಂದು ಕುರ್ಚಿ ಕಾಣದೆ ಹೊಸ್ತಿಲ ಮೇಲೇ ಕೂತಳು.

ಲಗಮಣ್ಣ ಹಣೆ ಚಚ್ಚಿಕೊಂಡ. ಹೆಣ್ಣುಮಕ್ಕಳ ಸೊಂಟದ ಅಳತೆ ಅವನು ತೆಗೆಯುವುದುಂಟೆ? ಅಕ್ಕುತಾಯಿಯೇ ದಾರ ಹಿಡಿದು ಬಂದಳು. ಹೆಂಗಸರಿಬ್ಬರೂ ಒಳಗೆ ಹೋಗಿ, ನಿರಿಗೆ ಎಲ್ಲಿ ಬರುತ್ತದೆ, ಸೆರಗು ಎಲ್ಲಿ ಇಳಿಯುತ್ತದೆ, ಬಗ್ಗಿದರೆ ಎಲ್ಲಿ ಒತ್ತುತ್ತದೆ ಎಂದು ಗಂಟೆಗಟ್ಟಲೆ ಚರ್ಚೆ ನಡೆಸಿದರು. ಸೀರೆಯ ಮೇಲೆ ಜಾರದಂತೆ ಒಳಗೆ ಮೆತ್ತನೆಯ ಅಸ್ತರಿ ಹಾಕಿದ ಅಗಲ ಪಟ್ಟೆ ಆಗಬೇಕು, ಕವರ್ ಸೆರಗಿನ ಮರೆಗೆ ಅಡ್ಡವಾಗಿ ಕೂರಬೇಕು ಅಂತ ತೀರ್ಮಾನ ಹೊರಬಿತ್ತು. ಅಡ್ಡ ಕವರನ್ನು ಲಗಮಣ್ಣ ಜನ್ಮದಲ್ಲಿ ಹೊಲಿದಿರಲಿಲ್ಲ. ಎರಡು ಸಲ ಕೆಡಿಸಿದ. ಮೂರನೆಯದನ್ನು ಗೌರಾಬಾಯಿ ಕಟ್ಟಿಕೊಂಡು ಸೆರಗು ಹೊದ್ದು ನಿಂತಾಗ ಅಲ್ಲೊಂದು ಆಯುಧವಿದೆಯೆಂದು ಯಾರೂ ಹೇಳುವಂತಿರಲಿಲ್ಲ.

"ಆತಿಲ್ಲೋ ನೋಡು! ಆಗಂಗಿಲ್ಲ ಅಂತಿದ್ದಿ," ಅಂದು ಹೋದಳು.

ಎಂಟು ದಿನಕ್ಕೆ ಮತ್ತೆ ಬಂದಳು. ಬಸ್ಸಿನಲ್ಲಿ ಕೂತರೆ ಪಟ್ಟೆಯ ಒಂದು ಮೂಲೆ ಪಕ್ಕೆಗೆ ಚುಚ್ಚುತ್ತಿತ್ತಂತೆ, ಹೊಲದಲ್ಲಿ ಓಡಾಡುವಾಗ ಏನೂ ಇಲ್ಲವಂತೆ.

"ಬಸ್ಸಿನ್ಯಾಗ ಚುಚ್ಚತೈತಿ, ಹೊಲದಾಗ ಚುಚ್ಚಂಗಿಲ್ಲ ಅಂತೀರಿ. ಹಂಗಾದ್ರ ಬಸ್ಸ ರಿಪೇರಿ ಮಾಡಸ್ರಿ," ಅಂತ ರೇಗಿದ ಲಗಮಣ್ಣ. ರೇಗುತ್ತಲೇ ಪಟ್ಟೆಯನ್ನು ಅವಳ ಕೈಯಿಂದ ಕಸಿದುಕೊಂಡು, ತೊಡೆಯ ಮೇಲೆ ಹಾಸಿ, ಮೂಲೆಯ ಹೊಲಿಗೆ ಬಿಚ್ಚತೊಡಗಿದ. ಅಕ್ಕುತಾಯಿ ಚಹಾಕ್ಕೆ ನೀರಿಡಲು ಒಳಗೆ ಹೋದಳು.